ಡುರಾನ್ ಉತ್ತುಂಗದಲ್ಲಿದ್ದದ್ದು ಯಾವ ತೂಕದಲ್ಲಿ?

ಮಾನ್ಯ ಸಂಪಾದಕರೇ,

ಪನಾಮಾದ ಬಾಕ್ಸರ್ ರಾಬರ್ಟೊ ಡುರಾನ್ ಅವರನ್ನು ಕುರಿತು ತಮ್ಮ ಪತ್ರಿಕೆಯ ಕ್ರೀಡಾ ಪುಟದಲ್ಲಿ ಬಂದ ಲೇಖನವನ್ನು ಎರಡು ಬಾರಿ ಓದಿದೆ. ಕ್ರಿಕೆಟ್ಟಿನ ಋತುವಿನಲ್ಲಿಯೂ ಬಾಕ್ಸಿಂಗ್‌ಗೆ ಅರ್ಧ ಪುಟ ಮೀಸಲಿಟ್ಟದ್ದಕ್ಕೆ ಮೊದಲು ವಂದನೆಗಳು. ಆದರೆ ಲೇಖನ ಕೊನೆಯಲ್ಲಿ ತಲುಪಿದ ತೀರ್ಮಾನ, ಅಂದರೆ 1980ರ ಜೂನ್ 20ರಂದು ಮಾಂಟ್ರಿಯಲ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಶುಗರ್ ರೇ ಲೆನಾರ್ಡ್ ಅವರನ್ನು ಮಣಿಸಿದ ರಾತ್ರಿಯೇ ಡುರಾನ್ ಅವರ ಉತ್ತುಂಗ ಎಂಬ ಮಾತು, ನನಗೆ ಒಪ್ಪಿಗೆಯಾಗಲಿಲ್ಲ. ಅದು ಅವರ ಬದುಕಿನ ಅತಿ ದೊಡ್ಡ ಗೆಲುವು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅತಿ ದೊಡ್ಡ ಗೆಲುವೂ ಉತ್ತುಂಗವೂ ಒಂದೇ ದಿನ ಬರಬೇಕೆಂಬ ನಿಯಮವೇನೂ ಇಲ್ಲ. ಡುರಾನ್ ಅವರ ವಿಷಯದಲ್ಲಿ ಅವೆರಡರ ನಡುವೆ ಸುಮಾರು ಎರಡೂವರೆ ವರ್ಷಗಳ ಅಂತರವೂ ಐದೂವರೆ ಕಿಲೋ ಮೈತೂಕದ ಅಂತರವೂ ಇದೆ ಎಂಬುದು ನನ್ನ ವಾದ.

ಲೇಖನ ಓದದವರಿಗಾಗಿ ಕೆಲವು ವಿವರಗಳನ್ನು ಹೇಳಿಬಿಡುತ್ತೇನೆ. ಪನಾಮಾ ನಗರದ ಎಲ್ ಚೊರಿಯೊ ಎಂಬ ಬಡವರ ಕೇರಿಯಲ್ಲಿ ಬೆಳೆದ ಡುರಾನ್ 1968ರಲ್ಲಿ, ಇನ್ನೂ 16ರ ಹರೆಯದಲ್ಲಿ, ವೃತ್ತಿಪರ ಬಾಕ್ಸಿಂಗ್‌ಗೆ ಇಳಿದವರು. ಕೊನೆಯ ಪಂದ್ಯ ಆಡಿದ್ದು 2001ರಲ್ಲಿ, 50 ತುಂಬಿದ ಮೇಲೆ. ಒಟ್ಟು 119 ಪಂದ್ಯಗಳಲ್ಲಿ 103 ಗೆಲುವು, ಅದರಲ್ಲಿ 70 ನಾಕೌಟ್. 1972ರಲ್ಲಿ 135 ಪೌಂಡ್, ಅಂದರೆ 61.2 ಕಿಲೋ ಮಿತಿಯ ಲೈಟ್‌ವೇಟ್ ಪಟ್ಟ. 1980ರಲ್ಲಿ 147 ಪೌಂಡ್, 66.7 ಕಿಲೋ ಮಿತಿಯ ವೆಲ್ಟರ್‌ವೇಟ್ ಪಟ್ಟ; 1983ರಲ್ಲಿ 154 ಪೌಂಡಿನ ಲೈಟ್ ಮಿಡಲ್‌ವೇಟ್ ಪಟ್ಟ; 1989ರಲ್ಲಿ 160 ಪೌಂಡ್, 72.6 ಕಿಲೋ ಮಿತಿಯ ಮಿಡಲ್‌ವೇಟ್ ಪಟ್ಟ. ನಾಲ್ಕು ತೂಕ, 17 ವರ್ಷ. ಇಷ್ಟು ಉದ್ದಕ್ಕೆ ಹರಡಿದ ಬದುಕಿನಲ್ಲಿ ಆತ ಎಲ್ಲಿ ತನ್ನ ಪೂರ್ಣ ಶಕ್ತಿಯಲ್ಲಿದ್ದ ಎಂದು ಕೇಳುವುದು ಬರಿಯ ಕಾಡುಹರಟೆಯಲ್ಲ. ಬಾಕ್ಸಿಂಗ್ ಎಂಬ ವಿದ್ಯೆಯಲ್ಲಿ ಮೈಗೂ ಕೌಶಲಕ್ಕೂ ಇರುವ ಸಂಬಂಧವೇನು ಎಂಬ ಮೂಲ ಪ್ರಶ್ನೆ ಅದರೊಳಗಿದೆ.

ಈ ವಿಷಯದಲ್ಲಿ ನನಗಿರುವ ಅಲ್ಪ ಅಧಿಕಾರ ಎಲ್ಲಿಂದ ಬಂದದ್ದು ಎಂಬುದನ್ನೂ ತಿಳಿಸುವುದು ನ್ಯಾಯ. ಸೈನ್ಯದಲ್ಲಿದ್ದಾಗ, ಎಂಬತ್ತರ ದಶಕದಲ್ಲಿ, ನಾನು ರೆಜಿಮೆಂಟಿನ ತಂಡಕ್ಕೆ 60 ಕಿಲೋ ವರ್ಗದಲ್ಲಿ ಬಾಕ್ಸಿಂಗ್ ಆಡುತ್ತಿದ್ದೆ. ತೂಕ ನೋಡುವ ದಿನ ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಉಣ್ಣೆಯ ಜರ್ಸಿಯ ಮೇಲೆ ಮಳೆಗಾಲದ ರೈನ್‌ಕೋಟ್ ತೊಟ್ಟು ಮೈದಾನವನ್ನು ಸುತ್ತುತ್ತಿದ್ದೆವು. ಇನ್ನೂ ಕಾಲು ಕಿಲೋ ಇಳಿಯಬೇಕಿದ್ದರೆ ಬಾಯಲ್ಲಿ ಹುಣಸೆಹಣ್ಣಿಟ್ಟುಕೊಂಡು ಜೊಲ್ಲು ಬರಿಸಿ ಉಗುಳುತ್ತಿದ್ದೆವು. ಮೂರನೆಯ ವರ್ಷ ಮೈ ಬೆಳೆದು ಅದೂ ಸಾಲದಾದಾಗ ಉಸ್ತಾದರು ನನ್ನನ್ನು 63.5 ಕಿಲೋ ವರ್ಗಕ್ಕೆ ಹಾಕಿದರು. ಹೊಟ್ಟೆ ತುಂಬ ಉಂಡು ರಿಂಗ್ ಹತ್ತಿದ ಮೊದಲ ದಿನ ನನಗಾದ ಅಚ್ಚರಿಯನ್ನು ಇಂದಿಗೂ ಮರೆತಿಲ್ಲ. 60 ಕಿಲೋ ವರ್ಗದಲ್ಲಿ ನನ್ನ ಎಡಗೈ ಹುಕ್, ಅಂದರೆ ಮೊಣಕೈ ಬಾಗಿಸಿ ಬದಿಯಿಂದ ಬೀಸುವ ಹೊಡೆತ, ಪಕ್ಕೆಲುಬಿಗೆ ಬಿದ್ದರೆ ಎದುರಾಳಿಯ ಮೊಣಕೈ ತಾನಾಗಿ ಕೆಳಗಿಳಿಯುತ್ತಿತ್ತು, ಮುಖ ಬಯಲಾಗುತ್ತಿತ್ತು. ನನ್ನ ಆಟವೆಲ್ಲ ಆ ಒಂದು ಕ್ಷಣದ ಮೇಲೆ ನಿಂತಿತ್ತು. ಅಂದು ಅದೇ ಹುಕ್ ಅದೇ ಜಾಗಕ್ಕೆ ಬಿದ್ದಾಗ ಎದುರಿನ ಹುಡುಗ ಒಮ್ಮೆ ಮೂಗಿನಿಂದ ಉಸಿರು ಬಿಟ್ಟು ಮುಂದಕ್ಕೆ ಹೆಜ್ಜೆ ಇಟ್ಟ. "ನಿನ್ನ ಕೈಯೇನೂ ಕೆಟ್ಟಿಲ್ಲ, ಎದುರಿನ ಮೈ ಬದಲಾಗಿದೆ," ಎಂದರು ಉಸ್ತಾದರು. ಮೂರೂವರೆ ಕಿಲೋ ಎಂದರೆ ಒಂದು ಎಳೆಗೂಸಿನ ತೂಕ. ಅಷ್ಟರಲ್ಲೇ ನನ್ನ ಆಟದ ಅರ್ಧ ಕೆಲಸಕ್ಕೆ ಬಾರದೇ ಹೋಯಿತು. ಮಹಾನ್ ಆಟಗಾರನಿಗೂ ಜಿಲ್ಲೆಯ ಮಟ್ಟ ದಾಟದ ನನ್ನಂಥವನಿಗೂ ಹೋಲಿಕೆ ಸಲ್ಲದು. ಆದರೆ ತಕ್ಕಡಿಯ ಧರ್ಮ ಇಬ್ಬರಿಗೂ ಒಂದೇ.

ಈಗ ಡುರಾನ್ ಅವರ ಬದುಕನ್ನು ತೂಕದ ಕ್ರಮದಲ್ಲಿ ನೋಡೋಣ. 1972ರ ಜೂನ್ 26ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸ್ಕಾಟ್ಲೆಂಡಿನ ಕೆನ್ ಬುಕಾನನ್ ಅವರಿಂದ ಲೈಟ್‌ವೇಟ್ ಪಟ್ಟ ಕಸಿದುಕೊಂಡಾಗ ಡುರಾನ್‌ಗೆ 21 ತುಂಬಿ ಹತ್ತೇ ದಿನವಾಗಿತ್ತು. ಆ ಪಂದ್ಯದ ಚಿತ್ರಣ ನೋಡಿದವರಿಗೆ ಕಾಣುವುದು ಕಾಡ್ಗಿಚ್ಚಿನಂಥ ಒಂದು ಮೈ. ಮೊದಲ ಸುತ್ತಿನಿಂದಲೇ ತಲೆ ಮುಂದೆ ಹಾಕಿ ನುಗ್ಗುವುದು, ಎರಡೂ ಕೈ ಬೀಸುವುದು, ಹಗ್ಗಕ್ಕೆ ಒತ್ತುವುದು, ಭುಜದಿಂದ ತಳ್ಳುವುದು. 13ನೇ ಸುತ್ತು ಮುಗಿಯುವ ಹೊತ್ತಿಗೆ ಅಂಕಪಟ್ಟಿಯಲ್ಲಿ ಅವರು ಬಹಳ ಮುಂದಿದ್ದರು. ಆದರೆ ಪಂದ್ಯ ಕೊನೆಗೊಂಡದ್ದು ಸೊಂಟದ ಕೆಳಗೆ ಬಿದ್ದಿತೆಂದು ಬುಕಾನನ್ ದೂರಿದ, ಇಂದಿಗೂ ವಾದ ಮುಗಿಯದ ಒಂದು ಹೊಡೆತದಿಂದ. ಬುಕಾನನ್ ಮರುಪಂದ್ಯ ಕೇಳಿದರೂ ಅದು ನಡೆಯಲೇ ಇಲ್ಲ. ಅದು ಡುರಾನ್ ಅವರ ಹೆಸರಿನ ಮೇಲಿರುವ ಒಂದು ಬಾಕಿ ಎಂದೇ ನಾನು ತಿಳಿದಿದ್ದೇನೆ. ಅಂದಿನ ಡುರಾನ್ ಅವರಲ್ಲಿ ಮೈಯಿತ್ತು, ಹಸಿವಿತ್ತು, ಕಲಿಕೆ ಇನ್ನೂ ಬಂದಿರಲಿಲ್ಲ.

ಅದೇ ವರ್ಷದ ನವೆಂಬರ್ 17ರಂದು ಪಟ್ಟ ಪಣಕ್ಕಿಡದ ಪಂದ್ಯವೊಂದರಲ್ಲಿ ಪೋರ್ಟೊ ರಿಕೊದ ಎಸ್ಟೆಬಾನ್ ಡಿ ಹೇಸುಸ್ ಮೊದಲ ಸುತ್ತಿನಲ್ಲೇ ಎಡಗೈ ಹುಕ್‌ನಿಂದ ಡುರಾನ್ ಅವರನ್ನು ನೆಲಕ್ಕೆ ಕೆಡವಿ, ಹತ್ತು ಸುತ್ತುಗಳ ನಂತರ ಅಂಕಗಳಲ್ಲಿ ಸೋಲಿಸಿದರು. ಲೈಟ್‌ವೇಟ್‌ನಲ್ಲಿ ಡುರಾನ್ ಕಂಡ ಸೋಲು ಅದೊಂದೇ. ನುಗ್ಗಿ ಬರುವವನ ದಾರಿಯಲ್ಲಿ ಮೊದಲೇ ಒಂದು ಹುಕ್ ಇಟ್ಟು ಕಾಯುವುದು ಹೇಗೆಂದು ಡಿ ಹೇಸುಸ್ ತೋರಿಸಿಕೊಟ್ಟಿದ್ದರು. 1974ರ ಮಾರ್ಚ್ 16ರಂದು ಪನಾಮಾ ನಗರದಲ್ಲಿ ಇಬ್ಬರೂ ಮತ್ತೆ ಎದುರಾದಾಗ ಮೊದಲ ಸುತ್ತಿನಲ್ಲಿ ಅದೇ ಹುಕ್, ಅದೇ ಬೀಳು. ಈ ಸಲ ಡುರಾನ್ ಎದ್ದು, ಹೊಟ್ಟೆಗೂ ಪಕ್ಕೆಗೂ ಹೊಡೆದು ಹೊಡೆದು ಆತನನ್ನು ದಣಿಸಿ, 11ನೇ ಸುತ್ತಿನಲ್ಲಿ ನಾಕೌಟ್ ಮಾಡಿದರು. ಗೆದ್ದರು ನಿಜ, ಆದರೆ ಮೊದಲ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿರಲಿಲ್ಲ; ಆ ಹುಕ್ ಅವರಿಗೆ ಎರಡನೆಯ ಬಾರಿಯೂ ಕಂಡಿರಲಿಲ್ಲ.

ಇಲ್ಲಿ ರೇ ಆರ್ಸೆಲ್ ಮತ್ತು ಫ್ರೆಡ್ಡಿ ಬ್ರೌನ್ ಎಂಬ ಇಬ್ಬರು ಹಿರಿಯ ತರಬೇತುದಾರರ ಹೆಸರನ್ನು ತಮ್ಮ ಲೇಖನ ಬಿಟ್ಟುಬಿಟ್ಟದ್ದು ನನಗೆ ಬೇಸರ ತಂದಿತು. 1899ರಲ್ಲಿ ಹುಟ್ಟಿದ ಆರ್ಸೆಲ್ ಡುರಾನ್ ಅವರ ಮೂಲೆಗೆ ಬಂದು ನಿಂತಾಗ ಎಪ್ಪತ್ತು ದಾಟಿದ್ದವರು, ಅದಕ್ಕೂ ಮುಂಚೆ ಹಲವು ವಿಶ್ವ ಚಾಂಪಿಯನ್ನರನ್ನು ತಯಾರು ಮಾಡಿದ್ದವರು. ಈ ಇಬ್ಬರು ಡುರಾನ್ ಅವರ ಬೆಂಕಿಯನ್ನು ಆರಿಸಲಿಲ್ಲ, ಅದಕ್ಕೊಂದು ಒಲೆ ಕಟ್ಟಿದರು. ಬರುವ ಜ್ಯಾಬ್‌ನ (ಮುಂದಿನ ಕೈಯಿಂದ ನೇರವಾಗಿ ಚಾಚುವ ಹೊಡೆತದ) ಹೊರಬದಿಗೆ ತಲೆ ಜಾರಿಸುವುದು, ಹೊಡೆಯುವಂತೆ ಭುಜ ಅಲ್ಲಾಡಿಸಿ ಹೊಡೆಯದೇ ಇರುವುದು, ಎದುರಾಳಿಯ ಗ್ಲೌಸ್ ಮೇಲೆಯೇ ಒಂದು ಏಟು ಹಾಕಿ ಅದು ಸರಿದ ಸಂದಿನಲ್ಲಿ ಇನ್ನೊಂದನ್ನು ತೂರಿಸುವುದು, ಸನಿಹಕ್ಕೆ ಬಂದಾಗ ತಲೆಯನ್ನು ಎದುರಾಳಿಯ ಗಲ್ಲದ ಕೆಳಗೆ ಇಟ್ಟು ಆತನ ತೂಕವನ್ನು ತಾನು ಹೊರದೆ ತನ್ನ ತೂಕವನ್ನು ಆತನ ಮೇಲೆ ಹೊರಿಸುವುದು. 1975ರಿಂದ 1977ರವರೆಗಿನ ಪಂದ್ಯಗಳನ್ನು ಒಂದಾದ ಮೇಲೊಂದರಂತೆ ನೋಡಿದರೆ ಈ ಪಾಠಗಳು ಮೈಗೆ ಇಳಿಯುತ್ತಿರುವುದು ಹಂತ ಹಂತವಾಗಿ ಕಾಣುತ್ತದೆ. ಲೈಟ್‌ವೇಟ್ ಪಟ್ಟವನ್ನು ಅವರು 12 ಬಾರಿ ಉಳಿಸಿಕೊಂಡರು, ಅದರಲ್ಲಿ 11 ಬಾರಿ ನಾಕೌಟ್‌ನಿಂದ; 15 ಸುತ್ತು ಪೂರ್ತಿ ನಿಂತವರು 1977ರಲ್ಲಿ ಎಡ್ವಿನ್ ವಿರುಎಟ್ ಒಬ್ಬರೇ.

ಇನ್ನು 1978ರ ಜನವರಿ 21. ಲಾಸ್ ವೇಗಸ್‌ನಲ್ಲಿ ಡುರಾನ್ ಮತ್ತು ಡಿ ಹೇಸುಸ್ ಮೂರನೆಯ ಬಾರಿ ಎದುರಾದರು. ಅಷ್ಟರಲ್ಲಿ ಡಿ ಹೇಸುಸ್ ವಿಶ್ವ ಬಾಕ್ಸಿಂಗ್ ಮಂಡಳಿಯ ಚಾಂಪಿಯನ್ ಆಗಿದ್ದರು, ಡುರಾನ್ ವಿಶ್ವ ಬಾಕ್ಸಿಂಗ್ ಸಂಸ್ಥೆಯ ಚಾಂಪಿಯನ್. ಎರಡೂ ಪಟ್ಟಗಳು ಒಂದೇ ರಾತ್ರಿ ಪಣದಲ್ಲಿದ್ದವು. ನನ್ನ ವಾದ ನಿಂತಿರುವುದೇ ಈ ಪಂದ್ಯದ ಮೇಲೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯಲು ಅವಕಾಶ ಕೊಡಬೇಕು. ಹಿಂದಿನ ಎರಡೂ ಪಂದ್ಯಗಳಲ್ಲಿ ಮೊದಲ ಸುತ್ತಿನಲ್ಲೇ ನೆಲಕ್ಕೆ ಬಿದ್ದವರು ಈ ಸಲ ನುಗ್ಗಲಿಲ್ಲ. ರಿಂಗಿನ ನಡುವೆ ಎಡಗೈ ಜ್ಯಾಬ್ ಚಾಚುತ್ತ, ತಲೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಜಾರಿಸುತ್ತ, ಡಿ ಹೇಸುಸ್‌ರ ಹುಕ್ ಹೊರಡುವ ಮೊದಲೇ ಅದು ಹೊರಡುವ ಜಾಗದಿಂದ ಸರಿದು ನಿಂತರು. ಹುಕ್ ಬಂತು, ಅದು ತಲುಪಬೇಕಾದಲ್ಲಿ ಡುರಾನ್ ಇರಲಿಲ್ಲ. ಸುತ್ತು ಕಳೆದಂತೆ ದೂರದ ಆಟದಿಂದ ನಡುದೂರಕ್ಕೆ, ನಡುದೂರದಿಂದ ಸನಿಹಕ್ಕೆ, ಮುಖದಿಂದ ಹೊಟ್ಟೆಗೆ, ಹೊಟ್ಟೆಯಿಂದ ಮತ್ತೆ ಮುಖಕ್ಕೆ ಹೊಡೆತಗಳು ದಿಕ್ಕು ಬದಲಿಸಿದವು. 12ನೇ ಸುತ್ತಿನಲ್ಲಿ ಬಲಗೈ ಹೊಡೆತವೊಂದಕ್ಕೆ ಡಿ ಹೇಸುಸ್ ಬಿದ್ದರು, ಕಷ್ಟಪಟ್ಟು ಎದ್ದರು. ಆಮೇಲೆ ಬಂದ ಹೊಡೆತಗಳ ಸುರಿಮಳೆಗೆ ಉತ್ತರ ಕೊಡುವ ಸ್ಥಿತಿಯಲ್ಲಿ ಅವರಿರಲಿಲ್ಲ, ಪಂದ್ಯ ಅಲ್ಲಿಗೆ ಮುಗಿಯಿತು. ಅಂದು ಡುರಾನ್‌ಗೆ 26 ವರ್ಷ. 1972ರ ಮೈ ಇನ್ನೂ ಇತ್ತು, ಆರ್ಸೆಲ್ ಮತ್ತು ಬ್ರೌನ್ ಕಲಿಸಿದ ವಿದ್ಯೆ ಪೂರ್ತಿಯಾಗಿ ಬಂದಿತ್ತು. ಅವರ ಆಟದ ಯಾವ ಭಾಗವನ್ನೂ ಆ ರಾತ್ರಿ ಬಚ್ಚಿಡಬೇಕಾಗಿ ಬರಲಿಲ್ಲ: ದೂರ ನಿಂತು ಆಡಬೇಕೆನಿಸಿದಾಗ ದೂರ ನಿಂತರು, ಒಳಗೆ ಹೋಗಬೇಕೆನಿಸಿದಾಗ ಒಳಗೆ ಹೋದರು, ಮುಗಿಸಬೇಕೆನಿಸಿದಾಗ ಒಂದೇ ಹೊಡೆತದಲ್ಲಿ ದಾರಿ ತೆರೆಯಿತು. ಉತ್ತುಂಗ ಎಂಬ ಮಾತಿಗೆ ನಾನು ಕೊಡುವ ಅರ್ಥ ಇದು. ಮೈ ಇಳಿಯಲು ತೊಡಗುವ ಮೊದಲು ಕೌಶಲ ಬಂದು ಅದನ್ನು ಕೂಡಿಕೊಂಡಿರಬೇಕು, ಮತ್ತು ಎದುರಿನ ಮೈಯ ಗಾತ್ರ ಆ ಎರಡರಲ್ಲಿ ಯಾವುದನ್ನೂ ಕುಗ್ಗಿಸುವಂತಿರಬಾರದು.

(ಹತ್ತು ವರ್ಷಗಳ ಮೇಲೆ ಏಡ್ಸ್ ತಗುಲಿ ಡಿ ಹೇಸುಸ್ ಸಾವಿನ ಹಾಸಿಗೆಯಲ್ಲಿದ್ದಾಗ, ಆ ರೋಗಿಗಳನ್ನು ಮುಟ್ಟಲು ಜನ ಅಂಜುತ್ತಿದ್ದ ಆ ದಿನಗಳಲ್ಲಿ, ಡುರಾನ್ ಹೋಗಿ ಆ ಹಳೆಯ ಎದುರಾಳಿಯನ್ನು ಅಪ್ಪಿಕೊಂಡರು. ಈ ಸಂಗತಿ ನನ್ನ ವಾದಕ್ಕೆ ಬೇಕಾದದ್ದಲ್ಲ. ಆದರೆ ಆ ಮೂರು ಪಂದ್ಯಗಳನ್ನು ನೆನೆದಾಗ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.)

ನನ್ನ ವಾದಕ್ಕೆ ಎದುರಾಗಿ ಬರುವ ಬಲವಾದ ಆಕ್ಷೇಪವೊಂದಿದೆ: ಆ ಹೊತ್ತಿಗೆ ಡುರಾನ್‌ಗೆ 135 ಪೌಂಡಿಗೆ ಇಳಿಯುವುದೇ ಹಿಂಸೆಯಾಗಿತ್ತು, ಪಂದ್ಯಗಳ ನಡುವೆ ಅವರ ಮೈ ವಿಪರೀತ ಏರುತ್ತಿತ್ತು, ತೂಕ ಇಳಿಸಿ ಸೊರಗಿದ ಬಾಕ್ಸರ್ ಉತ್ತುಂಗದಲ್ಲಿರಲು ಹೇಗೆ ಸಾಧ್ಯ ಎಂಬುದು. ಇದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆ ಕಾಲದಲ್ಲಿ ತೂಕ ನೋಡುತ್ತಿದ್ದದ್ದು ಇಂದಿನಂತೆ ಹಿಂದಿನ ದಿನವಲ್ಲ, ಪಂದ್ಯದ ದಿನ ಬೆಳಿಗ್ಗೆಯೇ. ಕಳೆದುಕೊಂಡ ನೀರನ್ನು ಮೈಗೆ ಮತ್ತೆ ತುಂಬಿಕೊಳ್ಳಲು ಸಿಗುತ್ತಿದ್ದದ್ದು ಕೆಲವೇ ಗಂಟೆ. ರೈನ್‌ಕೋಟ್ ತೊಟ್ಟು ಓಡಿದ ನನಗೆ ಅದರ ಸಂಕಟ ಗೊತ್ತು: ನಾಲಿಗೆ ಮರದ ತುಂಡಿನಂತಾಗುತ್ತದೆ, ಕಾಲು ತನ್ನದಲ್ಲವೆನಿಸುತ್ತದೆ, ಮೂರನೆಯ ಸುತ್ತಿಗೆ ಉಸಿರು ಸಿಗುವುದಿಲ್ಲ. ಆದರೆ ಸೊರಗಿದ ಮೈ 12ನೇ ಸುತ್ತಿನಲ್ಲಿ ನಾಕೌಟ್ ಕೊಡುವುದಿಲ್ಲ. 1978ರ ಜನವರಿಯ ಪಂದ್ಯದಲ್ಲಿ ಸುತ್ತು ಕಳೆದಂತೆ ದಣಿದವರು ಡಿ ಹೇಸುಸ್, ಏರುತ್ತ ಹೋದವರು ಡುರಾನ್. ಆ ತೂಕದಲ್ಲಿ ಅವರು ಇನ್ನೆರಡು ವರ್ಷ ಇದ್ದಿದ್ದರೆ ಖಂಡಿತ ಕುಸಿಯುತ್ತಿದ್ದರು. 1979ರ ಆರಂಭದಲ್ಲಿ ಪಟ್ಟ ಬಿಟ್ಟುಕೊಟ್ಟದ್ದು ಸರಿಯಾದ ಸಮಯದ ಸರಿಯಾದ ನಿರ್ಧಾರ. ಮಾವು ಮರದಿಂದ ಉದುರುವುದಕ್ಕೆ ಸ್ವಲ್ಪವೇ ಮುಂಚೆ ಅದರ ರಸ ತುಂಬಿರುತ್ತದೆ. ಆ ಜನವರಿಯ ಡುರಾನ್ ಅಂಥವರು.

ಮಾಂಟ್ರಿಯಲ್‌ಗೆ ಬರುವ ಮುನ್ನ 1979ರ ಜೂನ್ 22ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕಾರ್ಲೋಸ್ ಪಾಲೊಮಿನೊ ಅವರೊಂದಿಗೆ ನಡೆದ ಪಂದ್ಯವನ್ನು ನೋಡಬೇಕು. ಅದೇ ವರ್ಷ ವೆಲ್ಟರ್‌ವೇಟ್ ಪಟ್ಟ ಕಳೆದುಕೊಂಡಿದ್ದ ಪಾಲೊಮಿನೊ ಅವರನ್ನು ಡುರಾನ್ 6ನೇ ಸುತ್ತಿನಲ್ಲಿ ಕೆಡವಿದರು, ಹತ್ತು ಸುತ್ತುಗಳಲ್ಲಿ ಸ್ಪಷ್ಟವಾಗಿ ಗೆದ್ದರು. ಅತಿ ಸುಂದರವಾದ ಆಟ. ಆದರೆ ಬಿದ್ದ ಪಾಲೊಮಿನೊ ಎದ್ದು, ಹತ್ತು ಸುತ್ತು ಪೂರ್ತಿ ನಿಂತರು. ಲೈಟ್‌ವೇಟ್‌ನಲ್ಲಿ ಅಷ್ಟು ಹೊಡೆತ ತಿಂದವರು ನಿಲ್ಲುತ್ತಿರಲಿಲ್ಲ. ನನ್ನ ಉಸ್ತಾದರ ಮಾತು ಇಲ್ಲಿಯೂ ನಿಜ: ಕೈ ಕೆಟ್ಟಿರಲಿಲ್ಲ, ಎದುರಿನ ಮೈ ಬದಲಾಗಿತ್ತು.

ಈಗ 1980ರ ಜೂನ್ 20. 46 ಸಾವಿರಕ್ಕೂ ಹೆಚ್ಚು ಪ್ರೇಕ್ಷಕರು. 71 ಗೆಲುವು ಒಂದು ಸೋಲಿನ ಡುರಾನ್ ಒಂದು ಕಡೆ, ಸೋಲೇ ಕಾಣದ 27 ಗೆಲುವುಗಳ ಲೆನಾರ್ಡ್ ಇನ್ನೊಂದು ಕಡೆ. ನಾಲ್ಕು ವರ್ಷಗಳ ಹಿಂದೆ ಅದೇ ಊರಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದಿದ್ದ ಲೆನಾರ್ಡ್ ಅವರ ಕೈಚಾಚು 74 ಅಂಗುಲ, ಡುರಾನ್ ಅವರದು 66. ಪಂದ್ಯಕ್ಕೆ ಮುಂಚಿನ ದಿನಗಳಲ್ಲಿ ಡುರಾನ್ ಲೆನಾರ್ಡ್ ಅವರನ್ನೂ ಅವರ ಪತ್ನಿಯನ್ನೂ ಕೀಳುಮಾತುಗಳಿಂದ ಕೆಣಕಿದರು. ಅದು ನನಗೆ ಮೆಚ್ಚುಗೆಯಾಗದ ನಡತೆ, ಆದರೆ ಫಲ ಕೊಟ್ಟಿತು. ಕಾಲ ಮೇಲೆ ಕುಣಿಯುತ್ತ ದೂರದಿಂದ ಗೆಲ್ಲಬಹುದಾಗಿದ್ದ ಲೆನಾರ್ಡ್ ಸಿಟ್ಟಿಗೆದ್ದು, ಪಾದ ನೆಲಕ್ಕೂರಿ, ಹಗ್ಗಕ್ಕೆ ಬೆನ್ನು ಕೊಟ್ಟು, ಡುರಾನ್ ಅವರ ಆಟವನ್ನೇ ಆಡಿದರು. 2ನೇ ಸುತ್ತಿನಲ್ಲಿ ಎಡಗೈ ಹುಕ್‌ಗೆ ತತ್ತರಿಸಿದರೂ ಬೀಳಲಿಲ್ಲ. ನಡುವಿನ ಸುತ್ತುಗಳಿಂದ ಮುಂದೆ ಏಟಿಗೆ ಏಟು ಕೊಟ್ಟರು. 15 ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಅಂಕಗಳು ಡುರಾನ್ ಪರವಾಗಿ 145-144, 148-147, 146-144. ಒಬ್ಬರ ಪಟ್ಟಿಯನ್ನು ಮೊದಲು 147-147 ಸಮ ಎಂದು ಘೋಷಿಸಿ, ಲೆಕ್ಕದ ತಪ್ಪು ತಿಳಿದ ಮೇಲೆ 148-147 ಎಂದು ತಿದ್ದಲಾಯಿತು; ಅವರು 15ರಲ್ಲಿ 10 ಸುತ್ತುಗಳನ್ನು ಸಮವೆಂದೇ ಬರೆದಿದ್ದರು.

ತಮ್ಮ ಲೇಖಕರು ಈ ಗೆಲುವಿನ ಗಾತ್ರವನ್ನು ಉತ್ತುಂಗದ ಸಾಕ್ಷಿ ಎನ್ನುತ್ತಾರೆ. ನಾನು ಅದೇ ಚಿತ್ರಣವನ್ನು ನೋಡಿ ಬೇರೆಯದನ್ನು ಕಾಣುತ್ತೇನೆ. ಅಂದು ಡುರಾನ್ ತಮ್ಮ ಆಟದ ಒಂದು ಭಾಗವನ್ನು ಮಾತ್ರ ಆಡಿದರು, ಆ ಭಾಗವನ್ನು ಜಗತ್ತಿನಲ್ಲಿ ಬೇರಾರೂ ಆಡಲಾರದಷ್ಟು ಚೆನ್ನಾಗಿ ಆಡಿದರು. ತಲೆಯನ್ನು ಲೆನಾರ್ಡ್ ಅವರ ಎದೆಗೆ ಒತ್ತಿ, ಒಂದು ಕೈಯಿಂದ ಅವರ ತೋಳು ಕಟ್ಟಿ, ಇನ್ನೊಂದರಿಂದ ಹೊಡೆಯುತ್ತ, ಎಂಟು ಅಂಗುಲದ ಕೈಚಾಚಿನ ಅಂತರವನ್ನು ಇಲ್ಲವಾಗಿಸಿದರು. ಬೇರೆ ದಾರಿ ಅವರಿಗಿರಲಿಲ್ಲ. ದೂರದಲ್ಲಿ ನಿಂತು ಜ್ಯಾಬ್‌ಗೆ ಜ್ಯಾಬ್ ಕೊಡುವ 1978ರ ಆಟ ಈ ತೂಕದಲ್ಲಿ, ಈ ಎದುರಾಳಿಯ ಮುಂದೆ ನಡೆಯುತ್ತಿರಲಿಲ್ಲ. ಒಂದೇ ಏಟಿಗೆ ಪಂದ್ಯ ಮುಗಿಸುವ ಭರವಸೆಯೂ ಇರಲಿಲ್ಲ. ಗೆಲುವು ಬಂದದ್ದು ಎದೆಗಾರಿಕೆಯಿಂದ, ಬುದ್ಧಿಯಿಂದ, ಎದುರಾಳಿಯ ತಪ್ಪು ಆಯ್ಕೆಯಿಂದ. ಗಾತ್ರದಲ್ಲಿ ತನಗಿಂತ ಮೇಲಿನವನನ್ನು ಹೀಗೆ ಗೆದ್ದದ್ದು ಹಿರಿಮೆಯೇ ಸರಿ, ಬಹುಶಃ ಡಿ ಹೇಸುಸ್ ಮೇಲಿನ ಗೆಲುವಿಗಿಂತ ಹೆಚ್ಚಿನ ಹಿರಿಮೆ. ಆದರೆ ಕೊರತೆಯನ್ನು ತುಂಬಿಕೊಂಡು ಗೆಲ್ಲುವವನ ಕೈಯಲ್ಲಿ ಆ ಕೊರತೆ ಇದೆ ಎಂಬುದೂ ಅಷ್ಟೇ ನಿಜ.

ಐದು ತಿಂಗಳ ನಂತರ, ನವೆಂಬರ್ 25ರಂದು, ನ್ಯೂ ಆರ್ಲಿಯನ್ಸ್‌ನಲ್ಲಿ ಲೆನಾರ್ಡ್ ಆ ತಪ್ಪನ್ನು ಮಾಡಲಿಲ್ಲ. ಮಾಂಟ್ರಿಯಲ್‌ನ ಸಂಭ್ರಮದಲ್ಲಿ ಮೈ ಬೆಳೆಸಿಕೊಂಡಿದ್ದ ಡುರಾನ್ ಅವಸರದಲ್ಲಿ ತೂಕ ಇಳಿಸಿ ಬಂದರು, ಲೆನಾರ್ಡ್ ದೂರದಲ್ಲೇ ಕುಣಿದರು, 8ನೇ ಸುತ್ತಿನಲ್ಲಿ ಡುರಾನ್ ಕೈ ಬೀಸಿ ಆಟ ನಿಲ್ಲಿಸಿ ತಿರುಗಿ ನಡೆದರು. ಆ ರಾತ್ರಿಯ ಬಗ್ಗೆ ಸಾಕಷ್ಟು ಬರೆದಾಗಿದೆ, ಹೇಡಿತನದ ಮಾತನ್ನು ನಾನು ನಂಬುವವನಲ್ಲ. ನನಗೆ ಬೇಕಾದದ್ದು ಇಷ್ಟೇ: 61 ಕಿಲೋದಲ್ಲಿ ಈ ಮನುಷ್ಯ ಏಳು ವರ್ಷ ಹತೋಟಿಯಲ್ಲಿದ್ದರು, 66 ಕಿಲೋದಲ್ಲಿ ಒಂದು ಬೇಸಿಗೆ.

ಲೈಟ್‌ವೇಟ್‌ನಲ್ಲಿ ಡುರಾನ್ ಎದುರಿಸಿದವರ ಪೈಕಿ ಲೆನಾರ್ಡ್ ಮಟ್ಟದವರು ಯಾರಿದ್ದರು ಎಂದು ಕೇಳುವವರಿದ್ದಾರೆ. ಪಟ್ಟ ಉಳಿಸಿಕೊಂಡ ಆ 12 ಪಂದ್ಯಗಳ ಎದುರಾಳಿಗಳಲ್ಲಿ ಹಲವರು ಸಾಧಾರಣರು ಎಂಬುದನ್ನು ಒಪ್ಪುತ್ತೇನೆ. ಆದರೆ ಬುಕಾನನ್ ಮತ್ತು ಡಿ ಹೇಸುಸ್ ಸಾಧಾರಣರಲ್ಲ; ಬೇರೆ ಯಾವುದೇ ದಶಕದಲ್ಲಿ ಹುಟ್ಟಿದ್ದರೆ ಇಬ್ಬರೂ ದೀರ್ಘಕಾಲ ಪಟ್ಟದಲ್ಲಿರುತ್ತಿದ್ದರು ಎಂದು ನನ್ನ ನಂಬಿಕೆ. ಎದುರಾಳಿಯ ಹೆಸರಿನಿಂದ ಗೆಲುವಿನ ಬೆಲೆಯನ್ನು ಅಳೆಯಬಹುದು. ಬಾಕ್ಸರ್‌ನ ಸ್ಥಿತಿಯನ್ನು ಅಳೆಯಬೇಕಾದದ್ದು ಆತನ ಕಾಲು, ಕೈ, ಕಣ್ಣುಗಳನ್ನು ನೋಡಿ.

ಇನ್ನು ಕೆಲವರು, ಅದರಲ್ಲೂ ಬಾಕ್ಸಿಂಗ್ ಕಲಿಸುವ ಹಿರಿಯರು, ಡುರಾನ್ ಅವರ ನಿಜವಾದ ಕೌಶಲ ಕಾಣುವುದು ಮೇಲಿನ ತೂಕಗಳಲ್ಲಿ ಎನ್ನುತ್ತಾರೆ. ಅವರ ಮಾತಿಗೆ ಆಧಾರವಿದೆ. 1982ರಲ್ಲಿ ವಿಲ್ಫ್ರೆಡ್ ಬೆನಿಟೆಜ್ ಅವರಿಗೂ ಕರ್ಕ್‌ಲ್ಯಾಂಡ್ ಲೇಯಿಂಗ್ ಅವರಿಗೂ ಸೋತು ಎಲ್ಲರೂ ಕೈಬಿಟ್ಟಿದ್ದ ಮನುಷ್ಯ 1983ರ ಜೂನ್ 16ರಂದು, ತನ್ನ 32ನೇ ಹುಟ್ಟುಹಬ್ಬದ ದಿನ, ಡೇವಿ ಮೂರ್ ಅವರನ್ನು 8ನೇ ಸುತ್ತಿನಲ್ಲಿ ಸೋಲಿಸಿ ಮೂರನೆಯ ಪಟ್ಟ ಗೆದ್ದರು. ಅದೇ ನವೆಂಬರ್‌ನಲ್ಲಿ ಮಿಡಲ್‌ವೇಟ್‌ನ ದೊರೆ ಮಾರ್ವಿನ್ ಹ್ಯಾಗ್ಲರ್ ಎದುರು 13 ಸುತ್ತುಗಳ ನಂತರ ಇಬ್ಬರು ತೀರ್ಪುಗಾರರ ಪಟ್ಟಿಯಲ್ಲಿ ಒಂದು ಅಂಕ ಮುಂದಿದ್ದರು. ಕೊನೆಯ ಎರಡು ಸುತ್ತುಗಳನ್ನು ಹ್ಯಾಗ್ಲರ್ ಗೆದ್ದು ಪಟ್ಟ ಉಳಿಸಿಕೊಂಡರು. ಮರುವರ್ಷ ಥಾಮಸ್ ಹರ್ನ್ಸ್ ಎರಡೇ ಸುತ್ತುಗಳಲ್ಲಿ ಡುರಾನ್ ಅವರನ್ನು ಮುಖ ಕೆಳಗಾಗಿ ಮಲಗಿಸಿದರು. ಆ ಹರ್ನ್ಸ್ ಅವರನ್ನು ಮೂರು ಸುತ್ತುಗಳಲ್ಲಿ ಸೋಲಿಸಿದ್ದ ಐರಾನ್ ಬಾರ್ಕ್ಲಿ ಅವರನ್ನು 1989ರ ಫೆಬ್ರವರಿ 24ರಂದು ಅಟ್ಲಾಂಟಿಕ್ ಸಿಟಿಯಲ್ಲಿ 37 ವರ್ಷದ ಡುರಾನ್ ಎದುರಿಸಿದಾಗ, ಆರು ಅಡಿ ದಾಟಿದ ಬಾರ್ಕ್ಲಿ ಮುಂದೆ ಐದು ಅಡಿ ಏಳು ಅಂಗುಲದ ಡುರಾನ್ ಅಣ್ಣನ ಅಂಗಿ ತೊಟ್ಟ ತಮ್ಮನಂತೆ ಕಾಣುತ್ತಿದ್ದರು. 11ನೇ ಸುತ್ತಿನಲ್ಲಿ ಬಾರ್ಕ್ಲಿ ನೆಲಕ್ಕೆ ಬಿದ್ದರು, ಡುರಾನ್ ಗೆದ್ದರು. ಹೊಡೆತ ತಗುಲುವ ಕೊನೆಯ ಅಂಗುಲದಲ್ಲಿ ತಲೆಯನ್ನು ಅದರ ಜೊತೆಯಲ್ಲೇ ತಿರುಗಿಸಿ ಅದರ ಜೋರನ್ನು ಸಾಯಿಸುವ ವಿದ್ಯೆ ಅಂದು ಅವರಲ್ಲಿದ್ದಷ್ಟು 1978ರಲ್ಲೂ ಇರಲಿಲ್ಲವೇನೋ. ಅದನ್ನು ಹತ್ತಾರು ಬಾರಿ ನೋಡಿದ್ದೇನೆ, ಪ್ರತಿ ಸಲವೂ ಮೈ ಜುಂ ಎನ್ನುತ್ತದೆ. ಆದರೂ ಅದು ಉತ್ತುಂಗವಲ್ಲ. ಆ ರಾತ್ರಿ ಕೌಶಲ ದುಡಿದದ್ದು ಮೈ ಕೊಡಲಾರದ್ದನ್ನು ತಾನು ಕೊಡಲು.

ಡುರಾನ್ ಅವರೊಬ್ಬರಿಗೆ ಸೀಮಿತವಾದ ಗೊಂದಲ ಇದಲ್ಲ. ಲೆನಾರ್ಡ್‌ಗಿಂತ ಹಿಂದಿನ ತಲೆಮಾರಿನ ಅಮೆರಿಕದ ಬಾಕ್ಸರ್ ಶುಗರ್ ರೇ ರಾಬಿನ್ಸನ್ ಎಂದಾಗ ಜನ ನೆನೆಯುವುದು ಐದು ಬಾರಿ ಮಿಡಲ್‌ವೇಟ್ ಪಟ್ಟ ಗೆದ್ದ ಐವತ್ತರ ದಶಕದ ರಾಬಿನ್ಸನ್ ಅವರನ್ನು, ಏಕೆಂದರೆ ಆ ಪಂದ್ಯಗಳ ಚಿತ್ರಣ ಉಳಿದಿದೆ. ನಲವತ್ತರ ದಶಕದ ವೆಲ್ಟರ್‌ವೇಟ್ ಪಂದ್ಯಗಳ ಚಿತ್ರಣ ಉಳಿದದ್ದು ತೀರಾ ಕಡಿಮೆ. ಆದರೆ ಅವರ 19 ಸೋಲುಗಳಲ್ಲಿ 1951ರ ಜುಲೈಗೆ ಮುಂಚಿನದು ಒಂದೇ ಒಂದು, ಅದೂ ಮಿಡಲ್‌ವೇಟ್ ಆಗಿದ್ದ ಜೇಕ್ ಲಮೊಟಾ ಎದುರು. ಕಣ್ಣಿಗೆ ಕಂಡದ್ದನ್ನೇ ಉತ್ತುಂಗ ಎನ್ನುವ ಅಭ್ಯಾಸ ನಮ್ಮದು. ಮಾಂಟ್ರಿಯಲ್ ಪಂದ್ಯವನ್ನು ಬಾಕ್ಸಿಂಗ್ ಪ್ರೇಮಿಗಳೆಲ್ಲ ನೋಡಿದ್ದಾರೆ, 1978ರ ಪಂದ್ಯವನ್ನು ಹುಡುಕಿ ನೋಡಿದವರು ಕಡಿಮೆ. ನಮ್ಮ ದೇಶದ ಮೇರಿ ಕೋಮ್ ಅವರನ್ನೇ ತೆಗೆದುಕೊಳ್ಳಿ. ಅವರ ಆರು ವಿಶ್ವ ಚಿನ್ನಗಳೂ ಬಂದದ್ದು 45, 46 ಮತ್ತು 48 ಕಿಲೋ ವರ್ಗಗಳಲ್ಲಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ 51 ಕಿಲೋಗಿಂತ ಕೆಳಗಿನ ವರ್ಗವೇ ಇರಲಿಲ್ಲವಾದ್ದರಿಂದ ಅವರು ತಮಗಿಂತ ಗಾತ್ರದ ಎದುರಾಳಿಗಳ ನಡುವೆ ಹೋರಾಡಿ ಕಂಚು ತಂದರು. ದೇಶದ ಮನೆಮನೆಗೂ ಅವರ ಹೆಸರು ತಲುಪಿದ್ದು ಆ ಕಂಚಿನಿಂದ, ಆದರೆ ಅವರ ಬಾಕ್ಸಿಂಗ್ ಪೂರ್ಣವಾಗಿ ಅರಳಿದ್ದು ಆ ಚಿನ್ನಗಳ ತೂಕದಲ್ಲಿ. ಪಟ್ಟಗಳನ್ನು ಎಣಿಸುವ ದಾರಿಯೂ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಫಿಲಿಪ್ಪೀನ್ಸ್‌ನ ಮ್ಯಾನಿ ಪಕ್ವಿಯಾವೊ ಎಂಟು ತೂಕಗಳಲ್ಲಿ ವಿಶ್ವ ಪಟ್ಟ ಗೆದ್ದವರು. ಎಂಟನೆಯದನ್ನು ಗೆದ್ದ ದಿನ ಅವರು ಮೊದಲನೆಯದರ ದಿನಕ್ಕಿಂತ ಎಂಟು ಪಟ್ಟು ಮೇಲಿದ್ದರೆಂದು ಯಾರೂ ಹೇಳುವುದಿಲ್ಲ.

ತಮ್ಮ ಲೇಖನದಲ್ಲಿ ಡುರಾನ್ ಅವರ ಲೈಟ್‌ವೇಟ್ ವರ್ಷಗಳಿಗೆ ಸಿಕ್ಕದ್ದು ನಾಲ್ಕು ಸಾಲು, ಲೆನಾರ್ಡ್ ಜೊತೆಗಿನ ಎರಡು ಪಂದ್ಯಗಳಿಗೆ ಸಿಕ್ಕದ್ದು ಮೂರು ಅಂಕಣ. ಮುಂದೊಂದು ವಾರ ಅದೇ ಪುಟದಲ್ಲಿ ಡಿ ಹೇಸುಸ್ ಜೊತೆಗಿನ ಮೂರು ಪಂದ್ಯಗಳನ್ನು ಕುರಿತು ಬರೆಸಬೇಕೆಂದು ಕೋರುತ್ತೇನೆ. ಬರೆಯುವವರು ಮೂರೂ ಪಂದ್ಯಗಳ ಮೊದಲ ಸುತ್ತನ್ನು ಒಂದರ ಪಕ್ಕ ಒಂದಿಟ್ಟು ನೋಡಲಿ. 1972ರಲ್ಲಿ ಆ ಎಡಗೈ ಹುಕ್‌ಗೆ ಬಿದ್ದ ಹುಡುಗ, 1974ರಲ್ಲಿ ಅದೇ ಹುಕ್‌ಗೆ ಬಿದ್ದು ಎದ್ದ ಚಾಂಪಿಯನ್, 1978ರಲ್ಲಿ ಅದೇ ಹುಕ್ ಬರುವ ಮೊದಲೇ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು ನಿಂತ ಬಾಕ್ಸರ್, ಮೂವರೂ ಅವರಿಗೆ ಅಲ್ಲಿ ಸಿಗುತ್ತಾರೆ.

ಇಂತಿ ತಮ್ಮ ಓದುಗ,
ಒಬ್ಬ ನಿವೃತ್ತ ಸೈನಿಕ